ಎಚ್81 ಬೋರ್ಡಿನ ಹಳೇ ಡೆಸ್ಕ್‌ಟಾಪ್: ಯಾವ ಭಾಗಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ

ಇಂಟೆಲ್ 4ನೇ ಪೀಳಿಗೆಯ ಐ3 ಇಲ್ಲವೇ ಐ5 ಪ್ರೊಸೆಸರ್, ಗಿಗಾಬೈಟ್ ಜಿಎ-ಎಚ್81ಎಂ-ಎಸ್ ಅಥವಾ ಏಸಸ್ ಎಚ್81ಎಂ-ಸಿಎಸ್ ಥರದ ಎಚ್81 ಚಿಪ್‌ಸೆಟ್ಟಿನ (ಬೋರ್ಡಿನ ಭಾಗಗಳನ್ನು ಬೆಸೆಯುವ ಮುಖ್ಯ ಚಿಪ್) ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ್‍ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ಕ್ಯಾಬಿನೆಟ್ಟಿನ ಜೊತೆಗೇ ಬಂದ ಎಸ್‌ಎಂಪಿಎಸ್ (ಭಾಗಗಳಿಗೆ ಕರೆಂಟ್ ಒದಗಿಸುವ ಡಬ್ಬಿ). 2013ರ ನಂತರದ ಮೂರ್ನಾಲ್ಕು ವರ್ಷ ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಜಿಲ್ಲಾ ಕೇಂದ್ರಗಳ ಅಂಗಡಿಗಳಲ್ಲೂ ಧಾರಾಳವಾಗಿ ಜೋಡಿಸಿ ಕೊಟ್ಟ ಸೆಟ್ ಇದು. ಡಿಟಿಪಿ ಅಂಗಡಿ, ಸೊಸೈಟಿ ಕಚೇರಿ, ಮನೆ ಎಂದು ಇವತ್ತಿಗೂ ಓಡುತ್ತಿದೆ, ಆದರೆ ತೆವಳುತ್ತ ಓಡುತ್ತಿದೆ. ಇದಕ್ಕೆ ಹಾಕಬಹುದಾದ ಒಂದೊಂದು ಭಾಗವನ್ನೂ ಇಲ್ಲಿ ತೂಗಿ ನೋಡಿದ್ದೇವೆ.

ತೂಗಿದ ಅಳತೆ ಎರಡು. ಹಾಕಿದ ಭಾಗದಿಂದ ವೇಗ ಎಷ್ಟು ಹೆಚ್ಚುತ್ತದೆ ಎಂಬುದು ಮೊದಲನೆಯದು. ಈ ಬೋರ್ಡು ಸತ್ತ ದಿನ ಆ ಭಾಗ ಮುಂದಿನ ಯಂತ್ರಕ್ಕೆ ಬರುತ್ತದೆಯೇ ಎಂಬುದು ಎರಡನೆಯದು. ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿನ ಬದಲಿಗೆ ಹಾಕುವ, ತಿರುಗುವ ತಟ್ಟೆಯಿಲ್ಲದ ಚಿಪ್ಪುಗಳ ಡ್ರೈವು) ಬರುತ್ತದೆ, ಒಳ್ಳೆಯ ಎಸ್‌ಎಂಪಿಎಸ್ ಬರುತ್ತದೆ, ಗ್ರಾಫಿಕ್ಸ್ ಕಾರ್ಡ್ ಬರುತ್ತದೆ. ಡಿಡಿಆರ್3 ರ್‍ಯಾಮ್ ಮತ್ತು ಎಲ್‌ಜಿಎ1150 ಸಾಕೆಟ್ಟಿನ ಪ್ರೊಸೆಸರ್ ಬೋರ್ಡಿನ ಜೊತೆಗೇ ಹೋಗುತ್ತವೆ. ಅಂಗಡಿಯವರು ‘ಸಾರ್, ಐ7 ಹಾಕಿಸಿಬಿಡಿ, ರಾಕೆಟ್ ಆಗುತ್ತೆ’ ಎನ್ನುವಾಗ ಈ ಎರಡನೇ ಅಳತೆಯನ್ನು ಯಾರೂ ಹೇಳುವುದಿಲ್ಲ.

ಮೊದಲು ಎಲ್ಲಿ ಕಟ್ಟಿಕೊಂಡಿದೆ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ದಿನಾ ಮಾಡುವ ಕೆಲಸವನ್ನೇ ಮಾಡುತ್ತ ಪರ್ಫಾರ್ಮೆನ್ಸ್ ಪುಟವನ್ನು ಹತ್ತು ನಿಮಿಷ ಗಮನಿಸಿ. ಡಿಸ್ಕ್ 100%ಕ್ಕೆ ಅಂಟಿಕೊಂಡು ಸಿಪಿಯು 20-30%ರಲ್ಲೇ ಇದ್ದರೆ ತಪ್ಪು ಹಾರ್ಡ್‌ಡಿಸ್ಕಿನದು. ಮೆಮೊರಿ 85-90% ದಾಟಿದ್ದರೆ ರ್‍ಯಾಮ್ ಸಾಲುತ್ತಿಲ್ಲ. ಆಗ ವಿಂಡೋಸ್ ರ್‍ಯಾಮಿನ ಹೊರೆಯನ್ನು ಡಿಸ್ಕಿಗೆ ಸಾಗಿಸುತ್ತಿರುತ್ತದೆ, ಹಾಗಾಗಿ ಡಿಸ್ಕೂ 100% ತೋರಿಸಬಹುದು. ಸಿಪಿಯು ಒಂದೇ ಸಮನೆ 95% ಮೇಲಿದ್ದು ಉಳಿದೆರಡೂ ಆರಾಮವಾಗಿದ್ದರೆ ಮಾತ್ರ ಪ್ರೊಸೆಸರ್ ಬಗ್ಗೆ ಯೋಚಿಸಿ.

ಅದಕ್ಕೂ ಮುಂಚೆ ಎಚ್‌ಡಬ್ಲ್ಯೂಇನ್‌ಫೋ ತಂತ್ರಾಂಶದಲ್ಲಿ ಪ್ರೊಸೆಸರ್ ಬಿಸಿ ಎಷ್ಟಿದೆ ನೋಡಬೇಕು. ಹತ್ತು ವರ್ಷದ ಯಂತ್ರದಲ್ಲಿ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ, ಕೂಲರಿನ ಅಲಗುಗಳ ಸಂದಿಯಲ್ಲಿ ಧೂಳು ಹಾಸಿಗೆ ಹಾಸಿರುತ್ತದೆ. 90 ಡಿಗ್ರಿ ದಾಟಿದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುವ ಅಂಚಿಗೆ ಬಂದಿದೆ ಎಂದರ್ಥ. ಹೊಸ ಭಾಗಕ್ಕೆ ದುಡ್ಡು ಸುರಿಯುವ ಮೊದಲು ಒಂದು ಬ್ರಷ್, ಐಸೋಪ್ರೊಪೈಲ್ ಆಲ್ಕೊಹಾಲ್ ಮತ್ತು ಒಂದು ಟ್ಯೂಬ್ ಪೇಸ್ಟ್ ತನ್ನಿ.

ಇಂಟೆಲ್ ಕೂಲರ್ ಬಿಚ್ಚುವಾಗ ನಾಲ್ಕೂ ಪುಶ್‌ಪಿನ್ನುಗಳನ್ನು ತಲೆಯ ಮೇಲಿನ ಬಾಣದ ದಿಕ್ಕಿಗೆ ತಿರುಗಿಸಿ ಮೇಲೆತ್ತಬೇಕು. ಕೂಲರನ್ನು ನೇರವಾಗಿ ಕೀಳದೆ ಕೊಂಚ ಆಚೀಚೆ ತಿರುಚಿ ಸಡಿಲಿಸಿ ಎತ್ತಿ. ಹಳೇ ಪೇಸ್ಟ್ ಒರೆಸಿ, ಬಟಾಣಿ ಕಾಳಿಗಿಂತ ಸಣ್ಣ ತೊಟ್ಟು ಹೊಸದನ್ನು ನಡುವೆ ಇಟ್ಟರೆ ಸಾಕು. ಮತ್ತೆ ಕೂರಿಸುವಾಗ ಪಿನ್ನುಗಳನ್ನು ಮೂಲೆಯಿಂದ ಎದುರು ಮೂಲೆಗೆ ಒತ್ತಿ, ಒಂದೊಂದೂ ‘ಟಕ್’ ಎನ್ನಬೇಕು. ಎಷ್ಟೋ ಹಳೇ ಸೆಟ್ಟುಗಳಲ್ಲಿ ನಾಲ್ಕನೇ ಪಿನ್ ಮುರಿದು ಕೂಲರ್ ಒಂದು ಬದಿ ಎದ್ದಿರುತ್ತದೆ, ಬಿಸಿಗೆ ಅದೇ ಕಾರಣವಾಗಿರುತ್ತದೆ. ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅಡ್ಡಾದಿಡ್ಡಿ ಸುತ್ತಿದರೆ ಬೇರಿಂಗ್ ಹಾಳಾಗುತ್ತದೆ.

ಬೋರ್ಡಿನ ಮೇಲಿನ ಕಪಾಸಿಟರ್‌ಗಳ ತಲೆ ಚಪ್ಪಟೆಯಾಗಿದೆಯೇ ನೋಡಿ. ಉಬ್ಬಿದ್ದರೆ, ಕಂದು ಬಣ್ಣದ ದ್ರವ ಒಸರಿದ್ದರೆ ಈ ಬೋರ್ಡಿಗೆಂದೇ ಏನನ್ನೂ ಕೊಳ್ಳಬೇಡಿ. ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ, 3 ವೋಲ್ಟ್ ಇರಬೇಕಾದ್ದು 2.7ಕ್ಕಿಂತ ಇಳಿದಿದ್ದರೆ ಬದಲಿಸಿ. ಅದು ಸತ್ತರೆ ದಿನಾಂಕ ಹಿಂದಕ್ಕೆ ಹೋಗಿ ಬ್ಯಾಂಕಿನ ತಾಣಗಳು ಭದ್ರತಾ ದೋಷ ತೋರಿಸುತ್ತವೆ. ಜೊತೆಗೆ ಬಯಾಸ್ (ಯಂತ್ರವನ್ನು ಏಳಿಸುವ, ಬೋರ್ಡಿನೊಳಗಿನ ತಂತ್ರಾಂಶ) ಆಯ್ಕೆಗಳು ಮೂಲಸ್ಥಿತಿಗೆ ಮರಳಿ, ಕೆಲವು ಬೋರ್ಡುಗಳಲ್ಲಿ ಸಾಟಾ ವಿಧಾನ (ಡಿಸ್ಕಿನ ಜೊತೆ ಬೋರ್ಡು ಮಾತಾಡುವ ರೀತಿ) ಹಳೆಯ ಐಡಿಇಗೆ ತಿರುಗಿ, ನಿನ್ನೆ ಚೆನ್ನಾಗಿದ್ದ ವಿಂಡೋಸ್ ಇವತ್ತು ನೀಲಿ ತೆರೆ ತೋರಿಸುತ್ತದೆ. ‘ವಿಂಡೋಸ್ ಕರಪ್ಟ್ ಆಗಿದೆ’ ಎಂದು ಫಾರ್ಮ್ಯಾಟ್ ಮಾಡಿಸಿಕೊಂಡ ಎಷ್ಟೋ ಯಂತ್ರಗಳಿಗೆ ಬೇಕಿದ್ದದ್ದು ಒಂದು ಬ್ಯಾಟರಿ ಅಷ್ಟೇ.

ಎಸ್‌ಎಸ್‌ಡಿ: ಕಣ್ಣು ಮುಚ್ಚಿ ಹಾಕಿ, ಆದರೆ ಸರಿಯಾದ ಕಿಂಡಿಗೆ

ಈ ಯಂತ್ರಕ್ಕೆ ಒಂದೇ ಒಂದು ಭಾಗ ಕೊಳ್ಳುವುದಾದರೆ ಇದು. 7200 ಆರ್‌ಪಿಎಂ ಹಾರ್ಡ್‌ಡಿಸ್ಕ್ ದೊಡ್ಡ ಕಡತವೊಂದನ್ನು ಸಾಲಾಗಿ ಓದುವಾಗ ಸೆಕೆಂಡಿಗೆ 100ರಿಂದ 200 ಎಂಬಿ ಕೊಡುತ್ತದೆ, ಅದೇನೂ ಕಳಪೆಯಲ್ಲ. ತೊಂದರೆ ಇರುವುದು ಸಣ್ಣ ಸಣ್ಣ ಕಡತಗಳಲ್ಲಿ. ತಲೆ ತಟ್ಟೆಯ ಮೇಲೆ ಅತ್ತಿತ್ತ ಓಡಬೇಕಾದಾಗ ಸೆಕೆಂಡಿಗೆ ನೂರರ ಆಸುಪಾಸು ಓದುಗಳಷ್ಟೇ ಸಾಧ್ಯ. ವಿಂಡೋಸ್ ಏಳುವಾಗ, ಬ್ರೌಸರ್ ತೆರೆಯುವಾಗ ನಡೆಯುವುದು ಇಂಥ ಸಾವಿರಾರು ಸಣ್ಣ ಓದುಗಳು. ಅಗ್ಗದ ಎಸ್‌ಎಸ್‌ಡಿ ಕೂಡ ಇದನ್ನು ಸೆಕೆಂಡಿಗೆ ಹತ್ತಾರು ಸಾವಿರದ ಲೆಕ್ಕದಲ್ಲಿ ಮಾಡುತ್ತದೆ. ನಿಮಿಷಗಟ್ಟಲೆ ಕಾಯಿಸುತ್ತಿದ್ದ ಯಂತ್ರ ಸೆಕೆಂಡುಗಳಲ್ಲಿ ಎದ್ದು ನಿಲ್ಲುವುದು ಈ ಕಾರಣಕ್ಕೆ.

2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನೇ ಕೊಳ್ಳಿ. ಪಿಸಿಐಇ (ಬೋರ್ಡಿನಲ್ಲಿ ಕಾರ್ಡ್ ಕೂರಿಸುವ ಕಿಂಡಿ) ಅಡಾಪ್ಟರ್ ಹಾಕಿ ಎನ್‌ವಿಎಂಇ (ಸಾಟಾಗಿಂತ ವೇಗದ ಬಗೆಯ ಎಸ್‌ಎಸ್‌ಡಿ) ಕೂರಿಸುವ ಸಲಹೆಯೂ ಸಿಗುತ್ತದೆ. ಎಚ್81 ಬೋರ್ಡುಗಳ ಬಯಾಸ್ ಸಾಮಾನ್ಯವಾಗಿ ಎನ್‌ವಿಎಂಇಯಿಂದ ಬೂಟ್ ಆಗುವುದಿಲ್ಲ. ಸಣ್ಣ ಪಿಸಿಐಇ ಕಿಂಡಿ 2.0 ಪೀಳಿಗೆಯ ಒಂದೇ ಲೇನ್ (ಮಾಹಿತಿ ಸಾಗುವ ದಾರಿ), ಸೆಕೆಂಡಿಗೆ 500 ಎಂಬಿಗೆ ನಿಲ್ಲುತ್ತದೆ. ಸಾಟಾ ಕೊಡುವುದೂ ಅಷ್ಟನ್ನೇ.

ಎಚ್81 ಚಿಪ್‌ಸೆಟ್ಟಿನಲ್ಲಿ ನಾಲ್ಕು ಸಾಟಾ ಕಿಂಡಿಗಳಿದ್ದು ಎರಡು ಮಾತ್ರ 6 ಗಿಗಾಬಿಟ್, ಇನ್ನೆರಡು 3 ಗಿಗಾಬಿಟ್. ಬಣ್ಣ ಬೇರೆ ಇರಬಹುದು, ಪಕ್ಕದಲ್ಲಿ ಸಾಟಾ3 ಅಥವಾ ಸಾಟಾ6ಜಿ ಎಂದು ಅಚ್ಚಾಗಿರುತ್ತದೆ. ಹಳೇ ಹಾರ್ಡ್‌ಡಿಸ್ಕಿನ ಕೇಬಲ್ ಯಾವುದಕ್ಕೆ ಸಿಕ್ಕಿತ್ತೋ ಅದಕ್ಕೇ ಎಸ್‌ಎಸ್‌ಡಿ ಸಿಕ್ಕಿಸಿದರೆ 550 ಎಂಬಿ ಬರಬೇಕಾದಲ್ಲಿ 270-280 ಬರುವ ಸಂಭವವಿದೆ. ಇನ್ನೂ ಹಳೆಯ ಎಚ್61 ಬೋರ್ಡು ನಿಮ್ಮದಾದರೆ ಚಿಪ್‌ಸೆಟ್ಟಿನಲ್ಲಿ 6 ಗಿಗಾಬಿಟ್ ಕಿಂಡಿಯೇ ಇಲ್ಲ. ಹಾಗೆಂದು ಕೈಬಿಡಬೇಡಿ, ಸಣ್ಣ ಓದುಗಳ ಲಾಭ ಅಲ್ಲೂ ಬಹುಪಾಲು ಸಿಗುತ್ತದೆ.

ಬ್ರ್ಯಾಂಡುಗಳ ವಿಷಯ. ಸ್ಯಾಮ್‌ಸಂಗ್ 870 ಇವೊ ಡ್ರೈವಿಗೆ ತನ್ನದೇ ಡಿರ್‍ಯಾಮ್ ಕ್ಯಾಶ್ (ಯಾವ ಮಾಹಿತಿ ಎಲ್ಲಿದೆ ಎಂಬ ಪಟ್ಟಿ ಇಡುವ ವೇಗದ ಮೆಮೊರಿ) ಇದೆ, 500 ಜಿಬಿ ಮಾದರಿಗೆ 300 ಟೆರಾಬೈಟ್ ಬರೆಯುವವರೆಗಿನ ವಾರಂಟಿ ಇದೆ. ಕ್ರೂಶಿಯಲ್ ಎಂಎಕ್ಸ್500 ಇದೇ ಸಾಲಿನದು, 500 ಜಿಬಿಗೆ 180 ಟೆರಾಬೈಟ್. ಕ್ರೂಶಿಯಲ್ ಬಿಎಕ್ಸ್500, ಕಿಂಗ್‌ಸ್ಟನ್ ಎ400, ಡಬ್ಲ್ಯೂಡಿ ಗ್ರೀನ್ ಇವುಗಳಲ್ಲಿ ಡಿರ್‍ಯಾಮ್ ಇಲ್ಲ. ಹಾಗಾದರೆ ಏನು ಕೆಡುತ್ತದೆ? ಬೂಟ್ ಆಗುವುದರಲ್ಲಿ, ವರ್ಡ್ ತೆರೆಯುವುದರಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳದು. ಮದುವೆಯ ವಿಡಿಯೊ 60-70 ಜಿಬಿ ಒಂದೇ ಸಲ ನಕಲಿಸುವಾಗ ಒಳಗಿನ ವೇಗದ ಭಾಗ ತುಂಬಿ, ವೇಗ ಹಾರ್ಡ್‌ಡಿಸ್ಕಿನ ಮಟ್ಟಕ್ಕೋ ಅದಕ್ಕೂ ಕೆಳಕ್ಕೋ ಕುಸಿಯುತ್ತದೆ. ಸ್ಟುಡಿಯೊದವರು ಕೊಂಚ ಹೆಚ್ಚು ಕೊಟ್ಟು ಡಿರ್‍ಯಾಮ್ ಇರುವುದನ್ನೇ ಕೊಳ್ಳಲಿ. ಕಚೇರಿ ಕೆಲಸಕ್ಕೆ ಬಿಎಕ್ಸ್500 ಧಾರಾಳ. ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನು 2026ರ ಫೆಬ್ರವರಿಗೆ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು, ವಾರಂಟಿ ಸೇವೆ ಮುಂದುವರಿಯುತ್ತದೆ ಎಂದೂ ಹೇಳಿದೆ. ಅಂಗಡಿಯಲ್ಲಿ ಉಳಿದ ದಾಸ್ತಾನು ಕೊಳ್ಳುವಾಗ ಬಿಲ್ ಜೋಪಾನ.

ಗಾತ್ರ 240 ಜಿಬಿಗಿಂತ ಕಡಿಮೆ ಬೇಡ, 480-500 ಆದರೆ ಒಳ್ಳೆಯದು. ಹೆಸರೇ ಕೇಳದ ಬ್ರ್ಯಾಂಡಿನ ‘2 ಟಿಬಿ’ ಡ್ರೈವು ನಂಬಲಾಗದ ಬೆಲೆಗೆ ಸಿಕ್ಕಿತೆಂದರೆ ನಂಬಬೇಡಿ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಟ್ಟ ತಂತ್ರಾಂಶ ಡ್ರೈವನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ನಿಜವಾದ ಗಾತ್ರ ಹೇಳುತ್ತದೆ.

ಹಾಕುವ ಕ್ರಮದಲ್ಲಿ ಒಂದು ಸಂಗತಿ ಮುಖ್ಯ. ಹೊಸದಾಗಿ ವಿಂಡೋಸ್ ಹಾಕುವಾಗ ಹಳೇ ಹಾರ್ಡ್‌ಡಿಸ್ಕಿನ ಕೇಬಲ್ ಕಳಚಿಡಿ. ಎರಡೂ ಸಿಕ್ಕಿಸಿದ್ದರೆ ವಿಂಡೋಸ್ ತನ್ನ ಬೂಟ್ ಕಡತಗಳನ್ನು ಹಾರ್ಡ್‌ಡಿಸ್ಕಿನಲ್ಲಿ ಮೊದಲೇ ಇರುವ ಬೂಟ್ ಪಾರ್ಟಿಶನ್‌ಗೆ ಬರೆದುಬಿಡಬಹುದು. ಆರು ತಿಂಗಳ ಮೇಲೆ ಆ ಹಾರ್ಡ್‌ಡಿಸ್ಕ್ ಸತ್ತಾಗ ಎಸ್‌ಎಸ್‌ಡಿ ಚೆನ್ನಾಗಿದ್ದರೂ ಯಂತ್ರ ಏಳುವುದಿಲ್ಲ. ಬಯಾಸಿನಲ್ಲಿ ಸಾಟಾ ವಿಧಾನ ಐಡಿಇಗಿಂತ ಹೊಸದಾದ ಎಎಚ್‌ಸಿಐ ಇರಬೇಕು. ಈಗಿರುವ ವಿಂಡೋಸನ್ನೇ ಕ್ಲೋನ್ (ಇದ್ದಹಾಗೇ ನಕಲು) ಮಾಡುತ್ತಿದ್ದು ವಿಧಾನ ಐಡಿಇ ಆಗಿದ್ದರೆ, ಎಂಎಸ್‌ಕಾನ್ಫಿಗ್‌ನ ಬೂಟ್ ಪುಟದಲ್ಲಿ ಸೇಫ್ ಬೂಟ್‌ಗೆ ಗುರುತು ಹಾಕಿ. ರೀಸ್ಟಾರ್ಟ್ ಮಾಡಿ ನೇರ ಬಯಾಸಿಗೆ ಹೋಗಿ ಎಎಚ್‌ಸಿಐ ಆರಿಸಿ, ಸೇಫ್ ಮೋಡಿನಲ್ಲಿ ಒಮ್ಮೆ ಏಳಲು ಬಿಡಿ. ಆಮೇಲೆ ಗುರುತು ತೆಗೆಯಿರಿ. ಸುಮ್ಮನೆ ಬದಲಿಸಿದರೆ ನೀಲಿ ತೆರೆ ಖಚಿತ. ಕ್ಲೋನ್ ಮಾಡಲು ಸ್ಯಾಮ್‌ಸಂಗ್ ಡ್ರೈವಿಗೆ ಅದರದೇ ತಂತ್ರಾಂಶವಿದೆ, ಉಳಿದವಕ್ಕೆ ಕ್ಲೋನ್‌ಜಿಲ್ಲಾ ಸಾಕು.

ಹಳೇ ಡಿಸ್ಕನ್ನು ದಾಸ್ತಾನಿಗೆ ಇಟ್ಟುಕೊಳ್ಳಬಹುದೇ ಎಂಬುದನ್ನು ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಹೇಳುತ್ತದೆ. 05, ಸಿ5, ಸಿ6 ಎಂಬ ಮೂರು ಸಾಲುಗಳ (ಡಿಸ್ಕಿನಲ್ಲಿ ಕೆಟ್ಟ, ಕೆಡುತ್ತಿರುವ, ಓದಲಾಗದ ಜಾಗಗಳ ಎಣಿಕೆ) ಕಚ್ಚಾ ಅಂಕಿ ಸೊನ್ನೆ ಇರಬೇಕು. ಸಿ5 ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದರಲ್ಲಿ ಮನೆಯ ಫೋಟೊ ಒಂದನ್ನೂ ಬಿಡಬೇಡಿ.

ರ್‍ಯಾಮ್: 8ಕ್ಕೆ ಏರಿಸಿ, 16ಕ್ಕೆ ಕಾರಣ ಇರಬೇಕು

ಎಚ್81ರಲ್ಲಿ ಎರಡೇ ಕಿಂಡಿ, ಒಂದೊಂದಕ್ಕೆ ಹೆಚ್ಚೆಂದರೆ 8 ಜಿಬಿ, ಒಟ್ಟು 16. ವಿಂಡೋಸ್ 10 ತಾನೇ 3 ಜಿಬಿ ಆಸುಪಾಸು ತಿನ್ನುತ್ತದೆ, ಹತ್ತು ಟ್ಯಾಬ್ ತೆರೆದ ಕ್ರೋಮ್ ಉಳಿದದ್ದನ್ನು ಮುಗಿಸುತ್ತದೆ. ಹಾಗಾಗಿ 4 ಜಿಬಿ ಯಂತ್ರ ಎಸ್‌ಎಸ್‌ಡಿ ಹಾಕಿದ ಮೇಲೂ ಮುಗ್ಗರಿಸುತ್ತದೆ. 4+4 ಹಾಕಿದರೆ ಒಂದೇ 8ರ ಪಟ್ಟಿಗಿಂತ ಲಾಭ, ಎರಡು ಚಾನೆಲ್ (ಮೆಮೊರಿಯ ದಾರಿ) ಒಟ್ಟಿಗೆ ಕೆಲಸ ಮಾಡುತ್ತವೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ರ್‍ಯಾಮನ್ನೇ ಹಂಚಿಕೊಳ್ಳುವುದರಿಂದ ಅದಕ್ಕೆ ಈ ಅಗಲ ಬೇಕು. ಮುಂದೆ 16 ಬೇಕಾದೀತು ಎನಿಸಿದರೆ ಈಗ ಒಂದು 8 ಕೊಂಡು ಹಳೇ 4ರ ಜೊತೆ 12 ಮಾಡಿಕೊಳ್ಳುವುದೂ ತಪ್ಪಲ್ಲ, ಕೆಲಸ ಮಾಡುತ್ತದೆ.

ಕೊಳ್ಳುವಾಗ ಎಡವುವುದು ಇಲ್ಲಿ. ಆನ್‌ಲೈನಿನಲ್ಲಿ ಬಲು ಅಗ್ಗಕ್ಕೆ ಸಿಗುವ ಕೆಲವು 8 ಜಿಬಿ ಡಿಡಿಆರ್3 ಪಟ್ಟಿಗಳ ವಿವರದ ಮೂಲೆಯಲ್ಲಿ ‘ಎಎಂಡಿಗೆ ಮಾತ್ರ’ ಎಂದಿರುತ್ತದೆ. ಅವುಗಳಲ್ಲಿ ಬಳಸಿರುವ ಚಿಪ್ಪುಗಳ ಜೋಡಣೆಯನ್ನು ಇಂಟೆಲ್‌ನ ಮೆಮೊರಿ ಕಂಟ್ರೋಲರ್ ಓದಲಾರದು. ಹಾಕಿದರೆ ಯಂತ್ರ ಏಳುವುದೇ ಇಲ್ಲ, ಅಥವಾ ಅರ್ಧವೇ ಕಾಣುತ್ತದೆ. 16 ಜಿಬಿಯ ಒಂದೇ ಡಿಡಿಆರ್3 ಪಟ್ಟಿಯನ್ನೂ 4ನೇ ಪೀಳಿಗೆ ಒಪ್ಪುವುದಿಲ್ಲ. ಡಿಡಿಆರ್3ಎಲ್ ಎಂದಿದ್ದರೆ ಹೆದರಬೇಡಿ, 1.35 ವೋಲ್ಟಿನ ಅದು 1.5ರಲ್ಲೂ ನಡೆಯುತ್ತದೆ. ಡಿಡಿಆರ್4 ಪಟ್ಟಿಯ ಕಚ್ಚು ಬೇರೆ ಜಾಗದಲ್ಲಿದೆ, ಒತ್ತಿ ಕೂರಿಸಲು ಹೋದರೆ ಕಿಂಡಿ ಒಡೆಯುತ್ತದೆ.

ಡಿಡಿಆರ್3ರಲ್ಲಿ ಹೆಚ್ಚಾಗಿ ಸಿಗುವುದು ಸೆಕೆಂಡ್ ಹ್ಯಾಂಡ್ ಮಾಲೇ, ಅದರಲ್ಲಿ ಕೆಟ್ಟದ್ದೇನಿಲ್ಲ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ ಒಂದು ರಾತ್ರಿ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ವಾಪಸ್ ಕೊಡಿ, ‘ಒಂದೆರಡು ಎರರ್ ಪರವಾಗಿಲ್ಲ’ ಎಂಬ ಮಾತಿಗೆ ಬಗ್ಗಬೇಡಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲ ಮುಗಿದ ಮೇಲೆ ಯಂತ್ರ ಬೀಪ್ ಹೊಡೆಯುತ್ತ ತೆರೆ ಬಾರದೆ ನಿಂತರೆ ಪಟ್ಟಿಯ ಚಿನ್ನದ ಬಣ್ಣದ ಅಂಚಿಗೆ ಕಿಲುಬು ಹಿಡಿದಿರಬಹುದು. ಅಂಗಡಿಯವರು ರಬ್ಬರಿನಿಂದ ಉಜ್ಜುತ್ತಾರೆ, ಸರಿಯೇ, ಆದರೆ ಅದರ ಪುಡಿ ಕಿಂಡಿಗೆ ಬೀಳಬಾರದು. ಐಸೋಪ್ರೊಪೈಲ್‌ನಲ್ಲಿ ಅದ್ದಿದ ಬಟ್ಟೆ ಇನ್ನೂ ಒಳ್ಳೆಯದು.

2025ರ ಕೊನೆಯಿಂದ ಡಿಡಿಆರ್4, ಡಿಡಿಆರ್5 ಬೆಲೆ ಜಿಗಿದು ಹೊಸ ಯಂತ್ರ ಕಟ್ಟುವುದು ತುಟ್ಟಿಯಾಗಿದೆ. ಹಳೆಯದಕ್ಕೆ ಇನ್ನೊಂದು ಪಟ್ಟಿ ಹಾಕಿ ವರ್ಷ ತಳ್ಳುವುದಕ್ಕೆ ಈಗ ಮೊದಲಿಗಿಂತ ಹೆಚ್ಚು ಅರ್ಥವಿದೆ.

ಪ್ರೊಸೆಸರ್: ಐ3 ಇದ್ದರೆ ಯೋಚಿಸಿ, ಐ5 ಇದ್ದರೆ ಬಿಡಿ

ಐ5-4460 ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕು ಥ್ರೆಡ್ (ಒಮ್ಮೆಗೆ ನಡೆಸುವ ಕೆಲಸದ ಎಳೆ), ಗರಿಷ್ಠ 3.4 ಗಿಗಾಹರ್ಟ್ಸ್. ಐ7-4790 ನಾಲ್ಕು ಕೋರ್, ಎಂಟು ಥ್ರೆಡ್, ಗರಿಷ್ಠ 4.0. ಬ್ರೌಸರ್, ಟ್ಯಾಲಿ, ವರ್ಡ್ ಕೆಲಸದಲ್ಲಿ ಈ ವ್ಯತ್ಯಾಸ ಕೈಗೆ ಸಿಗುವುದು ಕಷ್ಟ. ವಿಡಿಯೊ ಎನ್‌ಕೋಡ್ ಮಾಡುವವರಿಗೆ ಮಾತ್ರ ಎಂಟು ಥ್ರೆಡ್ ನೆರವಾಗುತ್ತದೆ. ಸೆಕೆಂಡ್ ಹ್ಯಾಂಡ್ ಐ7ಕ್ಕೆ ಹೆಸರಿನ ಬೆಲೆ ಇನ್ನೂ ಇದೆ, ಕೊಟ್ಟ ದುಡ್ಡಿಗೆ ತಕ್ಕ ಫಲ ಇಲ್ಲ. ಪೆಂಟಿಯಂ ಜಿ3220 ಅಥವಾ ಐ3-4130 ಇರುವವರ ಕತೆ ಬೇರೆ. ಎರಡು ಕೋರಿನಿಂದ ನಾಲ್ಕಕ್ಕೆ ಹೋದರೆ ಗೊತ್ತಾಗುತ್ತದೆ. ಆ ಪೆಂಟಿಯಂಗಳಲ್ಲಿ ಎವಿಎಕ್ಸ್ (ಹಲವು ಲೆಕ್ಕ ಒಟ್ಟಿಗೆ ಮಾಡುವ) ಸೂಚನೆಗಳೂ ಇಲ್ಲ, ಹಾಗಾಗಿ ಅವನ್ನು ಬಯಸುವ ತಂತ್ರಾಂಶ ಓಡುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಐ5-4570 ಇಂಥವರಿಗೆ ತಕ್ಕ ಆಯ್ಕೆ.

4460, 4590, 4790 ಇವು 2014ರ ರಿಫ್ರೆಶ್ ಸಾಲಿನವು. 2013ರಲ್ಲಿ ಕೊಂಡ ಬೋರ್ಡಿನ ಬಯಾಸ್ ಹಳೆಯದಿದ್ದರೆ ಇವನ್ನು ಗುರುತಿಸದು. ಮೊದಲು ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ, ಆಮೇಲೆ ಬಿಚ್ಚಿ. 4570, 4770ಗಳಿಗೆ ಈ ತಾಪತ್ರಯವಿಲ್ಲ. ಅಗ್ಗಕ್ಕೆ ಸಿಗುವ ಝಿಯಾನ್ ಇ3-1231 ವಿ3ರಲ್ಲಿ ಒಳಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದಿದ್ದರೆ ತೆರೆ ಕಪ್ಪಗೇ ಇರುತ್ತದೆ. ಬೋರ್ಡಿನ ಸಿಪಿಯು ಬೆಂಬಲ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂದೂ ನೋಡಿ. ಎಲ್‌ಜಿಎ ಸಾಕೆಟ್ಟಿನಲ್ಲಿ ಪಿನ್ನುಗಳಿರುವುದು ಬೋರ್ಡಿನ ಕಡೆ. ಪ್ರೊಸೆಸರ್ ಕೈಜಾರಿ ಬಿದ್ದರೆ ಬೋರ್ಡೇ ಹೋಯಿತು.

ಹಳೇ ಪೇಜ್‌ಮೇಕರ್ 7ರಲ್ಲಿ ನುಡಿ ಅಕ್ಷರ ಜೋಡಿಸುವ ಡಿಟಿಪಿ ಅಂಗಡಿಗಳಿಗೆ ಒಂದು ಮಾತು: 2001ರ ಆ ತಂತ್ರಾಂಶ 32 ಬಿಟ್ಟಿನದು, ಒಂದೇ ಕೋರಿನಲ್ಲಿ ಓಡುತ್ತದೆ. ಅದಕ್ಕೆಂದು ಐ7 ಹಾಕಿಸುವುದು, 16 ಜಿಬಿ ತುಂಬುವುದು ದುಡ್ಡು ದಂಡ. ಪಕ್ಕದಲ್ಲಿ ಫೋಟೊಶಾಪ್ ತೆರೆದಿಟ್ಟು ಫ್ಲೆಕ್ಸ್ ಗಾತ್ರದ ಕಡತ ಮಾಡುವವರಿಗೆ 16 ಜಿಬಿ ಬೇಕೇ ಬೇಕು.

ಎಸ್‌ಎಂಪಿಎಸ್: ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು

ಕ್ಯಾಬಿನೆಟ್ಟಿನ ಜೊತೆ ಬಂದ ‘450 ವ್ಯಾಟ್’ ಡಬ್ಬಿಯ ಮೇಲಿನ ಚೀಟಿ ಓದಿ. ದೊಡ್ಡ ಅಕ್ಷರದ ವ್ಯಾಟ್ ಬಿಟ್ಟು, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪ್ ಎಂದು ನೋಡಿ 12ರಿಂದ ಗುಣಿಸಿ. 15 ಆಂಪ್ ಎಂದಿದ್ದರೆ ಸಿಗುವುದು 180 ವ್ಯಾಟ್, ಅದೂ ಹೊಸದಿದ್ದಾಗ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಎಳೆಯುವುದು ಮುಖ್ಯವಾಗಿ ಈ ಸಾಲಿನಿಂದಲೇ. ಐ5ಗೆ 84, ಜಿಟಿಎಕ್ಸ್ 1650ಗೆ 75, ಬೋರ್ಡು, ಡಿಸ್ಕು, ಫ್ಯಾನುಗಳಿಗೆ 40-50, ಅಲ್ಲಿಗೆ ಇನ್ನೂರರ ಆಸುಪಾಸು ಆಯಿತು. ಗೇಮ್ ನಡುವೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುವುದು, ಪವರ್ ಬಟನ್ ಎರಡು ಸಲ ಒತ್ತಿದರೆ ಮಾತ್ರ ಏಳುವುದು ಇವೆಲ್ಲ ಮುದಿ ಎಸ್‌ಎಂಪಿಎಸ್‌ನ ಲಕ್ಷಣ. ಯಂತ್ರ ಓಡುತ್ತಿರುವಾಗ ಹಳದಿ ತಂತಿಗೂ ಕಪ್ಪು ತಂತಿಗೂ ನಡುವೆ 11.4ರಿಂದ 12.6, ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು.

80 ಪ್ಲಸ್ (ವಿದ್ಯುತ್ ಪೋಲಾಗದ) ಪ್ರಮಾಣವಿರುವ, ಹೆಸರಿರುವ ಕಂಪನಿಯ 450 ವ್ಯಾಟಿನದು ಈ ಯಂತ್ರಕ್ಕೂ ಸಾಕು, ಮುಂದಿನದಕ್ಕೂ ಬರುತ್ತದೆ. ಕೋರ್ಸೇರ್ ಸಿವಿ450, ಕೂಲರ್ ಮಾಸ್ಟರ್ ಎಂಡಬ್ಲ್ಯೂಇ 450 ಬ್ರಾಂಝ್ ಈ ದರ್ಜೆಯವು. ಒಂದು ಕಿರಿಕಿರಿಯನ್ನು ಮೊದಲೇ ತಿಳಿದಿರಿ. ಇವುಗಳಲ್ಲಿರುವ ಆ್ಯಕ್ಟಿವ್ ಪಿಎಫ್‌ಸಿ ಎಂಬ ವಿದ್ಯುತ್ ಹದಗೊಳಿಸುವ ಸರ್ಕ್ಯೂಟಿಗೂ 600 ವಿಎ ಅಗ್ಗದ ಯುಪಿಎಸ್‌ನ ಮೆಟ್ಟಿಲಾಕಾರದ ಅಲೆಗೂ ಕೆಲವೊಮ್ಮೆ ಹೊಂದಿಕೆಯಾಗದೆ, ಕರೆಂಟ್ ಹೋದ ಕ್ಷಣ ಯಂತ್ರವೂ ಆರಿಬಿಡುತ್ತದೆ. ಕೊಂಡ ದಿನವೇ ಯುಪಿಎಸ್ ಪ್ಲಗ್ ಕಿತ್ತು ಪರೀಕ್ಷಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಹೊಸ ಎಸ್‌ಎಂಪಿಎಸ್ ಹಾಕಿದರೂ ನಿಲ್ಲದು. ಅದು ಗೋಡೆಯ ಸಾಕೆಟ್ಟಿನ ಅರ್ಥಿಂಗ್ ದೋಷ, ಎಲೆಕ್ಟ್ರಿಷಿಯನ್ ಕರೆಸಿ.

ಜೋಡಿಸಿದ ಸೆಟ್ ಅಲ್ಲದೆ ಕಂಪನಿಯ ಕಚೇರಿ ಯಂತ್ರ ನಿಮ್ಮದಾದರೆ ಕೊಳ್ಳುವ ಮುಂಚೆ ಮುಚ್ಚಳ ತೆಗೆದು ನೋಡಿ. ಡೆಲ್ ಆಪ್ಟಿಪ್ಲೆಕ್ಸ್ 3020, 7020, 9020ರಲ್ಲಿ ಬೋರ್ಡಿನ ಮುಖ್ಯ ಕನೆಕ್ಟರ್ 8 ಪಿನ್ನಿನದು, ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ1ರಲ್ಲಿ 6 ಪಿನ್. ಮಾರುಕಟ್ಟೆಯ 24 ಪಿನ್ನಿನ ಎಸ್‌ಎಂಪಿಎಸ್ ನೇರ ಕೂರುವುದಿಲ್ಲ.

ಗ್ರಾಫಿಕ್ಸ್ ಕಾರ್ಡ್: ತಪ್ಪು ಮಾಲು ಹೆಚ್ಚಿರುವ ಜಾಗ

ಆಟಕ್ಕಲ್ಲ, ಯೂಟ್ಯೂಬ್ ತಡವರಿಸುತ್ತದೆ ಎಂದು ಕಾರ್ಡ್ ಕೊಳ್ಳುವವರಿದ್ದಾರೆ. 4ನೇ ಪೀಳಿಗೆಯ ಒಳಗ್ರಾಫಿಕ್ಸಿಗೆ ಎಚ್.264 ಎಂಬ ವಿಡಿಯೊ ಸಂಕೇತ ಬಿಚ್ಚಲು ಬರುತ್ತದೆ, ಯೂಟ್ಯೂಬ್ ಈಗ ಕಳಿಸುವ ವಿಪಿ9 ಮತ್ತು ಎವಿ1 ಬರುವುದಿಲ್ಲ. ಆ ಹೊರೆ ಪೂರ್ತಿ ಪ್ರೊಸೆಸರ್ ಮೇಲೆ ಬೀಳುತ್ತದೆ. ಎಚ್264ಇಫೈ ಎಂಬ ಬ್ರೌಸರ್ ವಿಸ್ತರಣೆ ಹಾಕಿದರೆ ಯೂಟ್ಯೂಬ್ ಎಚ್.264 ಕಳಿಸುತ್ತದೆ, 1080ಪಿವರೆಗೆ ಸಲೀಸು. ಖರ್ಚು ಸೊನ್ನೆ.

ಜಿಟಿ 710 ಬೇಡವೇ ಬೇಡ. ವೇಗದಲ್ಲಿ ನಿಮ್ಮ ಐ5ರ ಒಳಗಿನ ಎಚ್‌ಡಿ 4600ಗೆ ಹತ್ತಿರವೇ ಇದೆ, ವಿಪಿ9 ಬಿಚ್ಚದು, ಡ್ರೈವರ್ ಬೆಂಬಲವೂ ಮುಗಿದಿದೆ. ಬೋರ್ಡಿನ ಡಿಸ್‌ಪ್ಲೇ ಕಿಂಡಿ ಸುಟ್ಟವರಿಗಷ್ಟೇ ಅದು. ಜಿಟಿ 1030 ಕೊಳ್ಳುವುದಾದರೆ ಜಿಡಿಡಿಆರ್5 ಮಾದರಿಯೇ ಆಗಬೇಕು. ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿದ್ದೂ ಮಾರಾಟದಲ್ಲಿದೆ. ಮೊದಲನೆಯದರ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸಿದರೆ ಎರಡನೆಯದು 17ಕ್ಕೂ ಕಡಿಮೆ. ಡಬ್ಬಿಯ ಬದಿಯ ಸಣ್ಣ ಅಕ್ಷರ ಓದದೆ ದುಡ್ಡು ಕೊಡಬೇಡಿ.

ರೇಡಿಯಾನ್ ಆರ್‌ಎಕ್ಸ್ 6400 ಕಾಗದದ ಮೇಲೆ ಚೆಂದ: 53 ವ್ಯಾಟ್, ಬೇರೆ ಪವರ್ ಕೇಬಲ್ ಬೇಡ. ಆದರೆ ಅದು ಪಿಸಿಐಇ 4.0ರ ನಾಲ್ಕೇ ಲೇನ್ ಬಳಸುವ ಕಾರ್ಡ್, ಎಚ್81 ಬೋರ್ಡಿನ ದೊಡ್ಡ ಕಿಂಡಿ ಪಿಸಿಐಇ 2.0. ದಾರಿ ಕಾಲು ಭಾಗಕ್ಕೆ ಇಳಿಯುತ್ತದೆ, ಆಟ ಮಧ್ಯೆ ಮಧ್ಯೆ ಜಗ್ಗುತ್ತದೆ. ಇಂಟೆಲ್ ಆರ್ಕ್ ಕಾರ್ಡುಗಳು ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟುವ ಸೌಲಭ್ಯ) ಇಲ್ಲದ ಇಂಥ ಬೋರ್ಡಿನಲ್ಲಿ ಬಹಳ ಹಿಂದೆ ಬೀಳುತ್ತವೆ.

ಉಳಿಯುವುದು ಎರಡು. ಜಿಟಿಎಕ್ಸ್ 1050 ಟಿಐ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಅದರ ಪೀಳಿಗೆಗೆ ಎನ್‌ವಿಡಿಯಾ 2025ರ ಅಕ್ಟೋಬರಿಗೆ ಹೊಸ ಗೇಮ್ ಡ್ರೈವರ್ ನಿಲ್ಲಿಸಿದೆ, 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ. ಜಿಟಿಎಕ್ಸ್ 1650 ಇನ್ನೂ ಬೆಂಬಲದಲ್ಲಿದೆ, 4 ಜಿಬಿ, ಹದಿನಾರೂ ಲೇನ್, 75 ವ್ಯಾಟ್. ಈ ಬೋರ್ಡಿಗೆ ನಮ್ಮ ಆಯ್ಕೆ ಇದೇ, 6 ಪಿನ್ ಕೇಬಲ್ ಬೇಡದ ಮಾದರಿ. ಸಾಟಾ ಪವರಿನಿಂದ 6 ಪಿನ್ ಮಾಡುವ ಅಡಾಪ್ಟರ್ ಹಾಕಿ ದೊಡ್ಡ ಕಾರ್ಡ್ ಓಡಿಸುವ ಸಾಹಸ ಬೇಡ. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ 54 ವ್ಯಾಟ್ ತಾಳುತ್ತದೆ, 6 ಪಿನ್ 75 ಎಳೆಯಬಲ್ಲದು. ಪ್ಲಾಸ್ಟಿಕ್ ಕರಗುವುದು ಹೀಗೆಯೇ. ಸೆಕೆಂಡ್ ಹ್ಯಾಂಡ್ ಕಾರ್ಡನ್ನು ಅಂಗಡಿಯಲ್ಲೇ ಜಿಪಿಯು-ಝಡ್‌ನಲ್ಲಿ ತೆರೆಸಿ ನೋಡಿ. ಹಳೇ ಜಿಟಿಎಸ್ 450ಗೆ ಬಯಾಸ್ ಬದಲಿಸಿ ‘1050 ಟಿಐ’ ಎಂದು ಮಾರುವ ದಂಧೆ ಇದೆ, ಅಂಥದನ್ನು ಆ ತಂತ್ರಾಂಶ ನಕಲಿ ಎಂದು ಗುರುತಿಸುತ್ತದೆ.

ಯಾವಾಗ ನಿಲ್ಲಿಸಬೇಕು

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಎಂದು ಮೈಕ್ರೊಸಾಫ್ಟ್ ಘೋಷಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತಾ ಚಿಪ್) ಜೊತೆಗೆ, ಕೆಲವು ಅಪವಾದ ಬಿಟ್ಟರೆ, 8ನೇ ಪೀಳಿಗೆಯ ಇಂಟೆಲ್ ಬೇಕು. ಅಡ್ಡದಾರಿಯಿಂದ 4ನೇ ಪೀಳಿಗೆಯಲ್ಲೂ ಹಾಕಬಹುದು, ಹಾಕುವವರೂ ಇದ್ದಾರೆ. ಆದರೆ ಅಪ್‌ಡೇಟಿನ ಭರವಸೆ ಇಲ್ಲ. ವ್ಯಾಲರಂಟ್ ಆಡುವ ಮಕ್ಕಳು ಮನೆಯಲ್ಲಿದ್ದರೆ ನೆನಪಿರಲಿ: ವಿಂಡೋಸ್ 11ರಲ್ಲಿ ಆ ಆಟ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಕೇಳುತ್ತದೆ, ಅಡ್ಡದಾರಿಯ ಯಂತ್ರದಲ್ಲಿ ತೆರೆಯದು.

ಬ್ರೌಸರ್, ಬರವಣಿಗೆ ಅಷ್ಟೇ ಸಾಕೆಂದರೆ ಲಿನಕ್ಸ್ ಮಿಂಟ್ 8 ಜಿಬಿ ಮತ್ತು ಎಸ್‌ಎಸ್‌ಡಿಯಲ್ಲಿ ಚುರುಕಾಗಿ ನಡೆಯುತ್ತದೆ. ಕನ್ನಡ ಟೈಪಿಂಗಿಗೆ ಐಬಸ್ ಎಂಬ ಟೈಪಿಂಗ್ ತಂತ್ರಾಂಶದಲ್ಲಿ ಎಂ17ಎನ್ ಸೇರಿಸಿ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿಕೊಂಡರೆ ನುಡಿಯಲ್ಲಿ ಪಳಗಿದ ಬೆರಳಿಗೆ ತೊಡಕಿಲ್ಲ. ಆಸ್ಕಿ ಫಾಂಟಿನ ಹಳೇ ಕಡತಗಳನ್ನು ನಂಬಿದವರು, ಡಾಂಗಲ್ ಹಾಕಿದರಷ್ಟೇ ತೆರೆಯುವ ತಂತ್ರಾಂಶ ಇರುವವರು ಈ ದಾರಿ ಹಿಡಿಯುವ ಮುನ್ನ ಬೇರೊಂದು ಡಿಸ್ಕಿನಲ್ಲಿ ಪರೀಕ್ಷಿಸಲಿ.

ಬ್ಯಾಂಕ್ ವ್ಯವಹಾರ, ಕಚೇರಿ ಲೆಕ್ಕ, ವಿಂಡೋಸೇ ಬೇಕು ಎಂಬವರು ಹೀಗೆ ಲೆಕ್ಕ ಹಾಕಿ. ಐ5-8500 ಇರುವ ರಿಫರ್ಬಿಶ್ಡ್ ಕಚೇರಿ ಯಂತ್ರದ ಬೆಲೆ ವಿಚಾರಿಸಿ. ಆರು ಕೋರ್, ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲ, ಬಹುತೇಕದರಲ್ಲಿ ಎಂ.2 (ಎನ್‌ವಿಎಂಇ ಕೂರಿಸುವ) ಕಿಂಡಿ, ಯೂಟ್ಯೂಬಿನ ವಿಪಿ9 ಕೂಡ ಪ್ರೊಸೆಸರಿಗೆ ಹೊರೆಯಾಗದು. ಹಳೆಯದಕ್ಕೆ ರ್‍ಯಾಮ್ ಮತ್ತು ಪ್ರೊಸೆಸರ್ ಸೇರಿ ಆಗುವ ಖರ್ಚು ಆ ಬೆಲೆಯ ಅರ್ಧಕ್ಕೆ ಬಂತೆಂದರೆ ಅಲ್ಲಿಗೆ ನಿಲ್ಲಿಸಿ. ಎಸ್‌ಎಸ್‌ಡಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದು ಬಿಚ್ಚಿಕೊಂಡು ಹೋಗುವ ಮಾಲು. ಬೋರ್ಡು ಸತ್ತಾಗ ಹೊಸ ಎಚ್81 ಬೋರ್ಡು ಹುಡುಕಿ ಹಾಕಿಸುವುದನ್ನಂತೂ ನಾವು ಒಪ್ಪುವುದಿಲ್ಲ. ಬೋರ್ಡು ಬದಲಾದರೆ ವಿಂಡೋಸಿನ ಓಇಎಂ (ಆ ಬೋರ್ಡಿಗೇ ಕಟ್ಟಿದ) ಲೈಸೆನ್ಸೂ ಹೋಗುತ್ತದೆ.

ರಿಫರ್ಬಿಶ್ಡ್ ಕೊಳ್ಳುವಾಗ ಜಿಎಸ್‌ಟಿ ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ನಂಬರ್ ಬರೆಸಿ. ವಾರಂಟಿ ಎಷ್ಟು ತಿಂಗಳು, ಎಸ್‌ಎಂಪಿಎಸ್ ಅದರಲ್ಲಿ ಸೇರಿದೆಯೇ ಎಂದು ಕೇಳಿ. ಬಯಾಸಿಗೆ ಪಾಸ್‌ವರ್ಡ್ ಉಳಿದಿದೆಯೇ ಎಂದು ಕೌಂಟರಿನಲ್ಲೇ ತೆರೆದು ನೋಡಿ. ಯಾವುದೋ ಕಂಪನಿಯ ಐಟಿ ವಿಭಾಗ ಹಾಕಿದ್ದನ್ನು ಮನೆಗೆ ತಂದ ಮೇಲೆ ತೆಗೆಯುವುದು ಸುಲಭವಲ್ಲ.

ಹಳೇ ಹಾರ್ಡ್‌ಡಿಸ್ಕ್ ಮಾರುವುದಾದರೆ ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿ ಕೊಡಬೇಡಿ, ಕಡತಗಳು ಅಲ್ಲೇ ಉಳಿದಿರುತ್ತವೆ. ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ. 500 ಜಿಬಿಗೆ ಎರಡು ಗಂಟೆ ಹಿಡಿದೀತು.